ಡಾಕ್ಟರ್ ಓದುವವರು ಹಳ್ಳಿಗೆ ಬಂದ ಚರಿತ್ರೆ: ಒಂದು ಹಾಲಿನ ಸಂಘ ತೋರಿಸಿದ ದಾರಿ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಂತೋಷದಲ್ಲಿ ಈ ಸಂಚಿಕೆ ಹೊರಬರುತ್ತಿದೆ. ಹಾಲಿನ ಲೆಕ್ಕ, ಬೋನಸ್ಸಿನ ಲೆಕ್ಕ, ಕಟ್ಟಡ ಎದ್ದ ಕಥೆ, ಅಧ್ಯಕ್ಷರುಗಳ ಹೆಸರು ಇವೆಲ್ಲ ಬೇರೆ ಪುಟಗಳಲ್ಲಿವೆ. ಸಂಪಾದಕ ಸಮಿತಿಯವರು ನಮಗೆ ವಹಿಸಿರುವುದು ಇನ್ನೊಂದು ಸಂಗತಿ: ವೈದ್ಯ, ನರ್ಸಿಂಗ್ ವಗೈರೆ ಓದುವ ಮಕ್ಕಳು ಹಳ್ಳಿಗೆ ಬಂದು ಕಲಿಯುವ ಪದ್ಧತಿ ಹೇಗೆ ಶುರುವಾಯಿತು, ಯಾವ ಯಾವ ದಾರಿ ಹಿಡಿಯಿತು, ನಮ್ಮಂಥ ಊರಿಗೆ ಅದರಿಂದ ಏನು ಬಂತು ಎಂಬುದು. "ಹಾಲಿನ ಡೈರಿಗೂ ಡಾಕ್ಟರ್ ಓದೋ ಮಕ್ಕಳಿಗೂ ಏನ್ರೀ ಸಂಬಂಧ?" ಅಂತ ಕೇಳುವವರು ಇರಬಹುದು. ಸಂಬಂಧ ಇದೆ. ಈ ಚರಿತ್ರೆಯ ಮುಖ್ಯವಾದ ಒಂದು ಅಧ್ಯಾಯ ನಮ್ಮ ರಾಜ್ಯದ ಒಂದು ಹಾಲಿನ ಸಂಘದಲ್ಲೇ ನಡೆದಿದೆ. ಅದು ನಮ್ಮ ಸದಸ್ಯರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಾಗಬೇಕು ಎಂಬುದೇ ಈ ಬರಹದ ಉದ್ದೇಶ.

ಈಗ ಕೆಲವು ವರ್ಷಗಳಿಂದ ಬಿಳಿ ಕೋಟು ಹಾಕಿದ ಹುಡುಗ ಹುಡುಗಿಯರು ಆಶಾ ಕಾರ್ಯಕರ್ತೆಯ ಹಿಂದೆ ಬೀದಿ ಬೀದಿ ತಿರುಗುವುದನ್ನು ಎಲ್ಲರೂ ನೋಡಿದ್ದೀರಿ. ಮನೆಯಲ್ಲಿ ಎಷ್ಟು ಜನ, ನೀರು ಎಲ್ಲಿಂದ, ಕಕ್ಕಸು ಇದೆಯೋ ಇಲ್ಲವೋ, ಬಿಪಿ ಇದೆಯಾ, ಸಕ್ಕರೆ ಕಾಯಿಲೆ ಇದೆಯಾ ಎಂದು ಕೇಳಿ ಬರೆದುಕೊಂಡು ಹೋಗುತ್ತಾರೆ. ಒಬ್ಬ ಅಜ್ಜಿ ಬಿಪಿ ನೋಡಲು ಬಂದ ಹುಡುಗಿಗೆ, "ಕೈ ಕೊಡ್ತೀನಿ ಮಗಾ, ಮತ್ತೆ ಬರ್ತೀಯೋ ಇಲ್ವೋ ಅದನ್ನ ಮೊದ್ಲು ಹೇಳು" ಅಂದಳಂತೆ. ಆ ಪ್ರಶ್ನೆಗೆ ಸುಮಾರು ನೂರು ವರ್ಷದ ಹಿನ್ನೆಲೆ ಇದೆ.

ನಮ್ಮ ಮೈಸೂರು ಸೀಮೆಯಿಂದಲೇ ಶುರು ಮಾಡೋಣ. 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆದು ಹಳ್ಳಿಗಾಡಿನ ಆರೋಗ್ಯದ ಕೆಲಸಕ್ಕೆ ಕೈ ಹಾಕಿತು. ಮಂಡ್ಯದಲ್ಲಿ ಒಂದು ಗ್ರಾಮಾಂತರ ಆರೋಗ್ಯ ಘಟಕ ಬಂತು. ಇರ್ವಿನ್ ನಾಲೆಯ ನೀರು ಬಂದು ಗದ್ದೆಯಾದ ಸೀಮೆಯಲ್ಲಿ ಮಲೇರಿಯಾ ಕಾಟ ಆಗ ವಿಪರೀತ. ಕೊಕ್ಕೆಹುಳದ ಬಾಧೆ ಬೇರೆ. ಆಮೇಲೆ 1930ರ ದಶಕದಲ್ಲಿ, ಆಗ ಕ್ಲೋಸ್‌ಪೇಟೆ ಎನ್ನುತ್ತಿದ್ದ ಇಂದಿನ ರಾಮನಗರದಲ್ಲಿ ಆರೋಗ್ಯ ತರಬೇತಿ ಕೇಂದ್ರ ತೆರೆಯಿತು. ಕಾಯಿಲೆ ಇರುವುದು ಊರಿನಲ್ಲಿ, ಆದ್ದರಿಂದ ಕೆಲಸ ಕಲಿಯುವವನೂ ಊರಿನಲ್ಲೇ ಕಲಿಯಲಿ ಎಂಬ ಆಲೋಚನೆ ಅಂದಿನದು. ಹೊಸದೇನಲ್ಲ. ಈಗಿನವರು ದೊಡ್ಡ ದೊಡ್ಡ ಹೆಸರಿಟ್ಟು ಹೇಳುವುದನ್ನು ಮೈಸೂರು ದಿವಾನರ ಕಾಲದ ಅಧಿಕಾರಿಗಳು ಗಾಡಿ ಕಟ್ಟಿಕೊಂಡು ಹೋಗಿ ಮಾಡಿದ್ದರು.

ಆದರೆ ಅಲ್ಲಿ ಕಲಿತವರಲ್ಲಿ ಹೆಚ್ಚಿನವರು ಆರೋಗ್ಯ ನಿರೀಕ್ಷಕರು, ಸೂಲಗಿತ್ತಿಯರು ಮುಂತಾದವರು. ಡಾಕ್ಟರ್ ಓದುವವರ ಪಾಠ ಪಟ್ಟಣದ ದೊಡ್ಡಾಸ್ಪತ್ರೆಯ ವಾರ್ಡಿನಲ್ಲೇ ನಡೆಯುತ್ತಿತ್ತು. ಇದನ್ನು ಸರಿಮಾಡಬೇಕೆಂದು ದೇಶದ ಮಟ್ಟದಲ್ಲಿ ಹೇಳಿದ್ದು ಸರ್ ಜೋಸೆಫ್ ಭೋರ್ ಸಮಿತಿ. 1943ರಲ್ಲಿ ನೇಮಕವಾದ ಈ ಸಮಿತಿ 1946ರಲ್ಲಿ ವರದಿ ಕೊಟ್ಟಿತು. ಆಗ ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು 6,300 ಜನಕ್ಕೆ ಒಬ್ಬ ಡಾಕ್ಟರು. ಅವರಲ್ಲೂ ಹೆಚ್ಚಿನವರು ಪಟ್ಟಣದಲ್ಲಿ. ವೈದ್ಯರಾಗುವವರು ಕಾಯಿಲೆ ವಾಸಿ ಮಾಡಿದರೆ ಸಾಲದು, ಕಾಯಿಲೆ ಬರದಂತೆ ನೋಡಿಕೊಳ್ಳುವುದನ್ನೂ ಜನರ ಬದುಕನ್ನೂ ಕಲಿಯಬೇಕು, ಅದಕ್ಕಾಗಿ ಮೂರು ತಿಂಗಳ ತರಬೇತಿ ಬೇಕು ಎಂದು ಸಮಿತಿ ಹೇಳಿತು. ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಮಾತು ಗಟ್ಟಿಯಾಗಿ ಬಂದದ್ದೂ ಆ ವರದಿಯಿಂದಲೇ.

ಇಲ್ಲಿ ಒಂದು ಮಾತು ಸೇರಿಸಬೇಕು. ನಮ್ಮ ಹಿರಿಯರು "ಎಲ್.ಎಂ.ಪಿ. ಡಾಕ್ಟ್ರು" ಎಂದು ಹೇಳುತ್ತಿದ್ದುದು ನೆನಪಿರಬಹುದು. ಕಡಿಮೆ ವರ್ಷ ಓದಿ, ಸಣ್ಣ ಊರುಗಳಲ್ಲಿ ಬೋರ್ಡು ಹಾಕಿಕೊಂಡು ಇದ್ದವರು. ಭೋರ್ ಸಮಿತಿ ಲೆಕ್ಕ ಹಾಕಿದಾಗ ಸುಮಾರು 47,500 ವೈದ್ಯರಲ್ಲಿ ಸುಮಾರು 30,000 ಜನ ಈ ವರ್ಗದವರು. ಸಮಿತಿಯ ಬಹುಮತ, ಇನ್ನು ಮುಂದೆ ಒಂದೇ ಬಗೆಯ ಡಾಕ್ಟರು ಸಾಕು, ಎಲ್ಲರೂ ಪದವಿಯನ್ನೇ ಓದಲಿ ಎಂದಿತು. ಕೆಲವು ಸದಸ್ಯರು ಇದನ್ನು ಒಪ್ಪದೆ ಭಿನ್ನಮತ ಬರೆದರು. ಯಾರು ಸರಿ, ಯಾರು ತಪ್ಪು ಎಂಬ ಜಗಳ ಈಗ ಬೇಡ. ಆದರೆ ಹಳ್ಳಿಯಲ್ಲಿ ನಿಲ್ಲುವವರ ಸಾಲು ನಿಂತುಹೋಯಿತು, ಪದವಿ ಪಡೆದವರನ್ನು ಹಳ್ಳಿಗೆ ಒಗ್ಗಿಸುವ ಕೆಲಸ ಮಾತ್ರ ಕಾಗದದ ಮೇಲೆ ಉಳಿಯಿತು. ನಮ್ಮ ಅಭಿಪ್ರಾಯದಲ್ಲಿ ಆಮೇಲಿನ ಎಲ್ಲ ಪಾಡಿಗೂ ಬೇರು ಅಲ್ಲೇ ಇದೆ.

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಬ್ಲಾಕಿಗೊಂದರಂತೆ ಆರೋಗ್ಯ ಕೇಂದ್ರಗಳು ಬಂದವು. ವೈದ್ಯ ಕಾಲೇಜುಗಳಲ್ಲಿ ಸಮುದಾಯ ಆರೋಗ್ಯಕ್ಕೆಂದೇ ಒಂದು ವಿಭಾಗ ಬಂತು. ಹುಡುಗರನ್ನು ಬಸ್ಸಿನಲ್ಲಿ ತುಂಬಿಕೊಂಡು ಒಂದು ದಿನ ಹಳ್ಳಿ ತೋರಿಸಿ, ಬಾವಿ ತೋರಿಸಿ, ತಿಪ್ಪೆ ತೋರಿಸಿ, ಸಾಯಂಕಾಲಕ್ಕೆ ವಾಪಸ್ಸು. ಪ್ರಾಣಿಸಂಗ್ರಹಾಲಯ ನೋಡಿ ಬಂದ ಹಾಗೆ. ಎಲ್ಲ ಕಡೆ ಹೀಗೇ ಇತ್ತೆಂದು ಹೇಳುವುದಿಲ್ಲ. ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಬಹಳ ಹಿಂದೆಯೇ, ಡಾ. ಐಡಾ ಸ್ಕಡರ್ ಅವರ ಕಾಲದಲ್ಲೇ, ರಸ್ತೆ ಬದಿಯ ಮರದ ನೆರಳಲ್ಲಿ ಔಷಧಿ ಕೊಡುವ ರೂಢಿ ಹಾಕಿದ್ದರು. ಅಂಥವು ಕೆಲವು ಇದ್ದವು. ಮಿಕ್ಕ ಕಡೆ ಹಳ್ಳಿ ಎಂದರೆ ಪರೀಕ್ಷೆಗೆ ಬೇಕಾದ ಒಂದು ರೆಕಾರ್ಡ್ ಪುಸ್ತಕ ಅಷ್ಟೆ.

ಈಗ ನಮ್ಮ ಮುಖ್ಯ ಕಥೆಗೆ ಬರೋಣ. ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರು. ಆಗ ಕೋಲಾರ ಜಿಲ್ಲೆ, 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆ. ನದಿ ಇಲ್ಲದ, ಕೆರೆ ಬಾವಿ ನಂಬಿದ ಬಯಲುಸೀಮೆ. ಹಿಪ್ಪುನೇರಳೆ ತೋಟ, ಹುಳು ಮನೆ, ಹಸು ಇವೇ ಆಧಾರ. ಬೆಂಗಳೂರು ಡೈರಿ 1965ರಲ್ಲಿ ಶುರುವಾದ ಮೇಲೆ ಈ ಕಡೆಯ ಹಾಲಿಗೆ ಪಟ್ಟಣದ ದಾರಿ ತೆರೆಯಿತು. ಮಳ್ಳೂರಿನಲ್ಲೂ ಹಾಲಿನ ಸಹಕಾರ ಸಂಘ ಚೆನ್ನಾಗಿ ನಡೆಯುತ್ತಿತ್ತು. ಕರ್ನಾಟಕ ಹಾಲು ಮಹಾಮಂಡಳ ಎಂಬ ಹೆಸರು ಬಂದದ್ದು 1984ರಲ್ಲಿ. ಅದಕ್ಕೆ ಮೊದಲು 1974ರ ಸುಮಾರಿಗೆ ಡೈರಿ ಅಭಿವೃದ್ಧಿ ನಿಗಮ ಬಂತು. ಮಳ್ಳೂರಿನ ಆರೋಗ್ಯದ ಕೆಲಸ ಇವೆರಡಕ್ಕೂ ಹಿಂದಿನದು ಎಂಬುದನ್ನು ಗಮನಿಸಬೇಕು.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು 1963ರಲ್ಲಿ ಸ್ಥಾಪನೆಯಾದದ್ದು. ಅಲ್ಲಿ ಓದಿದವರು ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ದುಡಿಯಬೇಕೆಂಬುದು ಮೊದಲಿನಿಂದ ಆ ಕಾಲೇಜಿನವರ ಆಸೆ. ಅದಕ್ಕೆ ಹುಡುಗರನ್ನು ತಯಾರು ಮಾಡಲು ಒಂದು ಊರು ಬೇಕಿತ್ತು. ಮಳ್ಳೂರಿನವರಿಗೆ ಒಬ್ಬ ಡಾಕ್ಟರು ಬೇಕಿತ್ತು. 1973ರಲ್ಲಿ ಎರಡೂ ಕೂಡಿಕೊಂಡು ಮಳ್ಳೂರು ಆರೋಗ್ಯ ಸಹಕಾರ ಎಂಬುದು ಹುಟ್ಟಿತು. ಸದಸ್ಯರು ಹಾಕುವ ಪ್ರತಿ ಲೀಟರ್ ಹಾಲಿನ ಹಣದಲ್ಲಿ ಕೆಲವು ಪೈಸೆ ಆರೋಗ್ಯಕ್ಕೆಂದು ತೆಗೆದಿಡುವುದು. ಆ ಹಣದ ಆಧಾರದ ಮೇಲೆ ಊರಿನಲ್ಲಿ ಆರೋಗ್ಯ ಕೇಂದ್ರ ನಡೆಸುವುದು. ಡಾಕ್ಟರು, ಹೌಸ್ ಸರ್ಜನ್‌ಗಳು, ತಿಳುವಳಿಕೆ ಇವು ಕಾಲೇಜಿನ ಕಡೆಯಿಂದ. ಒಪ್ಪಂದ ಇಷ್ಟೇ.

ನಮ್ಮ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಟವಾಡೆಯ ದಿನ ಬಿಲ್ಲಿನಲ್ಲಿ ಪಶು ಆಹಾರದ ಬಾಬತ್ತು, ಷೇರಿನ ಬಾಬತ್ತು ಕಡಿತವಾಗುವುದು ನಿಮಗೆಲ್ಲ ಗೊತ್ತಿದೆ. ಹಾಗೇ ಇದೂ ಒಂದು ಬಾಬತ್ತು. ಕೈಯಿಂದ ಎಣಿಸಿ ಕೊಡುವ ಕಷ್ಟವಿಲ್ಲ, ಕಾಯಿಲೆ ಬಿದ್ದ ದಿನ ಸಾಲಕ್ಕೆ ಓಡಬೇಕಾಗಿಲ್ಲ. ಹೆಚ್ಚು ಹಾಲು ಹಾಕಿದವನು ಹೆಚ್ಚು ಕೊಟ್ಟ, ಕಡಿಮೆ ಹಾಕಿದವನು ಕಡಿಮೆ ಕೊಟ್ಟ. ಮನೆಯಲ್ಲಿ ಜ್ವರ ಬಂದಾಗ ಇಬ್ಬರಿಗೂ ಅದೇ ಕೇಂದ್ರ, ಅದೇ ಡಾಕ್ಟರು. ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲೇ ಆರೋಗ್ಯದ ಲೆಕ್ಕ. ಸರ್ಕಾರದ ವಿಮೆ, ಕಾರ್ಡು, ಕಂಪ್ಯೂಟರು ಯಾವುದೂ ಇಲ್ಲದ ಕಾಲದಲ್ಲಿ ಒಂದು ಹಳ್ಳಿಯ ಜನ ಇದನ್ನು ಮಾಡಿದರು.

ಈಗ ಕಲಿಯುವ ಹುಡುಗನ ಕಡೆಯಿಂದ ನೋಡಿ. ದೊಡ್ಡಾಸ್ಪತ್ರೆಯಲ್ಲಿ ರೋಗಿ ಅವನ ಹತ್ತಿರ ಬರುತ್ತಾನೆ, ಕೈ ಮುಗಿಯುತ್ತಾನೆ, ಹೇಳಿದ್ದು ಕೇಳುತ್ತಾನೆ. ಅಲ್ಲಿ ಹುಡುಗನೇ ಯಜಮಾನ. ಹಾಲಿನ ದುಡ್ಡಿನಲ್ಲಿ ನಡೆಯುವ ಕೇಂದ್ರಕ್ಕೆ ಬಂದಾಗ ಲೆಕ್ಕ ತಿರುಗುತ್ತದೆ. ಸಂಘದವರು ಕೇಳಬಹುದು: ನಿನ್ನೆ ಯಾಕೆ ಬಾಗಿಲು ಹಾಕಿತ್ತು? ಔಷಧಿ ಯಾಕೆ ಮುಗೀತು? ಬಾಣಂತಿಯನ್ನು ಯಾಕೆ ನೋಡಲಿಲ್ಲ? ಹೀಗೆ ಕೇಳುವ ಹಕ್ಕು ಇರುವ ಜನರ ಮುಂದೆ ನಿಂತು ಕೆಲಸ ಮಾಡುವುದು ಯಾವ ಪಠ್ಯಪುಸ್ತಕದಲ್ಲೂ ಸಿಗುವ ಪಾಠವಲ್ಲ. ಹಳ್ಳಿಗೆ ಹುಡುಗರನ್ನು ಕಳಿಸಿದ ಕಾಲೇಜುಗಳು ಬಹಳ ಇವೆ. ಹಳ್ಳಿಯೇ ದುಡ್ಡು ಹಾಕಿ ಕರೆಸಿಕೊಂಡ ಉದಾಹರಣೆ ಮಳ್ಳೂರಿನಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ನಮಗೆ ಕಾಣಲಿಲ್ಲ. 1976ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದಲ್ಲಿ ಹೊಸ ದಾರಿ ಹಿಡಿದ ಆರೋಗ್ಯ ಕೆಲಸಗಳ ಬಗ್ಗೆ ಪುಸ್ತಕ ತಂದಾಗ ಮಳ್ಳೂರೂ ಅದರಲ್ಲಿ ಸೇರಿತ್ತು. ದಶಕಗಳ ಕಾಲ ಸೇಂಟ್ ಜಾನ್ಸ್‌ನ ಹೌಸ್ ಸರ್ಜನ್‌ಗಳಿಗೆ ಅದು ಕಲಿಯುವ ಜಾಗವಾಗಿತ್ತು.

ಬರೀ ಹೊಗಳಿಕೆ ಬರೆದರೆ ಚರಿತ್ರೆಯಾಗುವುದಿಲ್ಲ. ಹಾಲಿಗೆ ಕಟ್ಟಿದ ಯೋಜನೆ ಹಾಲಿನ ಜೊತೆಗೇ ಏಳುತ್ತದೆ, ಬೀಳುತ್ತದೆ. ಬರ ಬಂದು ಮೇವು ಇಲ್ಲದ ವರ್ಷ, ಗೂಡಿನ ರೇಟು ಏರಿ ಜನ ಹಸು ಬಿಟ್ಟು ಹುಳು ಹಿಡಿದ ವರ್ಷ ಪೈಸೆಯೂ ಕಡಿಮೆಯಾಗುತ್ತದೆ. ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಹಸು ಇರುವವನು ಸದಸ್ಯ. ಹಸು ಕಟ್ಟಲು ಜಾಗವಿಲ್ಲದ ಕೂಲಿಯವನ ಮನೆ? ಕಾಯಿಲೆ ಹೆಚ್ಚು ಇರುವುದು ಆ ಮನೆಯಲ್ಲಿ, ಹಾಲಿನ ಪುಸ್ತಕದಲ್ಲಿ ಹೆಸರು ಇಲ್ಲದಿರುವುದೂ ಆ ಮನೆಯದೇ. ಸಹಕಾರ ಅಂದಮೇಲೆ ಈ ಪ್ರಶ್ನೆ ಕೇಳಿಕೊಳ್ಳಲೇಬೇಕು. ನಮ್ಮ ಸಂಘಕ್ಕೂ ಇದು ಅನ್ವಯಿಸುತ್ತದೆ. ಸದಸ್ಯರ ಪಟ್ಟಿಯನ್ನು ಊರಿನ ಪಟ್ಟಿಯ ಪಕ್ಕದಲ್ಲಿ ಇಟ್ಟು ನೋಡಿದರೆ ಯಾರು ಹೊರಗಿದ್ದಾರೆ ಎಂದು ನಿಮಗೇ ತಿಳಿಯುತ್ತದೆ.

ಹಳ್ಳಿಯಲ್ಲಿ ಹುಡುಗರು ಏನು ಕಲಿಯುತ್ತಾರೆ ಎಂದು ಕೆಲವರು ಕೇಳುತ್ತಾರೆ. ನಮ್ಮ ಸೀಮೆಯದೇ ನಾಲ್ಕು ಮಾತು ಹೇಳಬಹುದು. ರೇಷ್ಮೆ ನೂಲು ಬಿಚ್ಚುವವರ ಕೈ ನೋಡಿದ್ದೀರಲ್ಲ, ಬಿಸಿನೀರಿನಲ್ಲಿ ದಿನವಿಡೀ ಗೂಡು ಆಡಿಸಿ ಬೆರಳಿನ ಚರ್ಮ ಬಿಳಿಚಿ, ಬಿರುಕು ಬಿಟ್ಟು, ಹುಣ್ಣಾಗಿರುತ್ತದೆ. ಆ ಹಬೆ, ಹೊಗೆ, ವಾಸನೆಯಲ್ಲಿ ಕೂತವರಿಗೆ ಕೆಮ್ಮು ಉಬ್ಬಸ ಬೇರೆ. ಆಸ್ಪತ್ರೆಯಲ್ಲಿ ಕೂತ ಡಾಕ್ಟರು ಮುಲಾಮು ಬರೆದು ಕಳಿಸುತ್ತಾನೆ. ಬಿಚ್ಚಾಣಿಕೆ ಮನೆ ನೋಡಿದವನು "ಕಿಟಕಿ ಎಲ್ಲಿದೆ?" ಅಂತ ಕೇಳುತ್ತಾನೆ. ಹುಳು ಮನೆಗೆ ಹೊಡೆಯುವ ಫಾರ್ಮಲಿನ್ ವಿಷಯವೂ ಹಾಗೇ. ಮೂಗಿಗೆ ಬಟ್ಟೆ ಕಟ್ಟದೆ ಹೊಡೆದವರಿಗೆ ಕಣ್ಣುರಿ, ಗಂಟಲುರಿ ಬರುವುದು ಯಾಕೆಂದು ಮನೆಗೆ ಬಂದವನಿಗೆ ಮಾತ್ರ ಗೊತ್ತಾಗುತ್ತದೆ.

ನೀರಿನ ಮಾತು ಇನ್ನೂ ಮುಖ್ಯ. ಕೋಲಾರ, ಚಿಕ್ಕಬಳ್ಳಾಪುರ ಕಡೆ ಕೊಳವೆಬಾವಿ ಆಳಕ್ಕೆ ಹೋದಂತೆ ಎಷ್ಟೋ ಕಡೆ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೂ ಒಂದೂವರೆ ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನು ಬಹಳ ವರ್ಷ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬರುತ್ತದೆ, ಇನ್ನೂ ಹೆಚ್ಚಾದರೆ ಮೂಳೆ ಕೀಲು ಹಿಡಿಯುತ್ತವೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಇದು ನಮ್ಮಲ್ಲಿ ಬಹಳ ಜನಕ್ಕೆ ತಿಳಿಯದು. ದಂತ ವೈದ್ಯ ಓದುವ ಹುಡುಗ ಒಂದು ಶಾಲೆಯ ಮಕ್ಕಳ ಬಾಯಿ ತೆರೆಸಿ ನೋಡಿದರೆ ಆ ಊರಿನ ಕೊಳವೆಬಾವಿಯ ಚರಿತ್ರೆ ಅವನಿಗೆ ತಿಳಿದುಹೋಗುತ್ತದೆ. ಇನ್ನು ನಮ್ಮ ಹಾಲಿನವರಿಗೆ ಸೇರಿದ ಒಂದು ಕಾಯಿಲೆ ಇದೆ, ಬ್ರೂಸೆಲ್ಲೋಸಿಸ್. ಕಂದು ಹಾಕುವ ಹಸುವಿನಿಂದ, ಅದರ ಮಾಸು ಮುಟ್ಟಿದವರಿಗೆ, ಹಸಿ ಹಾಲು ಕುಡಿದವರಿಗೆ ಬರಬಹುದು. ಬಿಟ್ಟು ಬಿಟ್ಟು ಜ್ವರ, ಸೊಂಟ ನೋವು. "ಮನೆಯಲ್ಲಿ ಹಸು ಇದೆಯಾ? ಈಚೆಗೆ ಕರು ಹಾಕಿಕೊಂಡಿತಾ?" ಎಂದು ಕೇಳಬೇಕೆಂದು ಹೊಳೆಯುವುದು ಕೊಟ್ಟಿಗೆ ನೋಡಿದ ಡಾಕ್ಟರಿಗೆ.

ಸೇಂಟ್ ಜಾನ್ಸ್‌ನವರು ಮೊದಲ ವರ್ಷದ ಮಕ್ಕಳನ್ನೇ ಕೆಲವು ದಿನ ಹಳ್ಳಿಯಲ್ಲಿ ಉಳಿಸುವ ಪದ್ಧತಿಯನ್ನೂ ಇಟ್ಟುಕೊಂಡರು. ಸರ್ಜಾಪುರದ ಹತ್ತಿರದ ಮುಗಳೂರಿನಲ್ಲಿ ಅವರದೊಂದು ಸಮುದಾಯ ಆರೋಗ್ಯ ತರಬೇತಿ ಕೇಂದ್ರವೂ ಬಂತು. ಮೊದಲ ವರ್ಷದಲ್ಲೇ ಬಂದರೆ ಏನು ಪ್ರಯೋಜನ, ಅವರಿಗೆ ಸೂಜಿ ಚುಚ್ಚಲೂ ಬರುವುದಿಲ್ಲವಲ್ಲ ಎನ್ನಬಹುದು. ನಮ್ಮ ಪ್ರಕಾರ ಅದೇ ಒಳ್ಳೆಯದು. ಏನೂ ಬಾರದವನು ಬಾಯಿ ಮುಚ್ಚಿಕೊಂಡು ಕೇಳುತ್ತಾನೆ!

ಅತ್ತ ಸರ್ಕಾರದ ಕಡೆ ಏನಾಯಿತು? 1974ರಲ್ಲಿ ಡಾ. ಶ್ರೀವಾಸ್ತವ ಅವರ ನೇತೃತ್ವದಲ್ಲಿ ಸಮಿತಿ ಕೂತು 1975ರಲ್ಲಿ ವರದಿ ಕೊಟ್ಟಿತು. ಅದರ ಫಲವಾಗಿ 1977ರಲ್ಲಿ ವೈದ್ಯ ಶಿಕ್ಷಣವನ್ನು ಹಳ್ಳಿಯ ಕಡೆ ತಿರುಗಿಸುವ ಒಂದು ಯೋಜನೆ ಬಂತು. ರೋಮ್ ಸ್ಕೀಮ್ ಎಂದು ಕರೆಯುತ್ತಿದ್ದರು. ಪ್ರತಿ ವೈದ್ಯ ಕಾಲೇಜು ಮೂರು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕೈಗೆ ತೆಗೆದುಕೊಳ್ಳಬೇಕು, ಸಂಚಾರಿ ಆಸ್ಪತ್ರೆ ವಾಹನಗಳು ಹೋಗಬೇಕು, ಪ್ರೊಫೆಸರುಗಳೂ ಹೋಗಬೇಕು. ಮರುವರ್ಷ, 1978ರ ಸೆಪ್ಟೆಂಬರಿನಲ್ಲಿ, ಆಗಿನ ಸೋವಿಯತ್ ಒಕ್ಕೂಟದ ಅಲ್ಮಾ ಆಟಾ ನಗರದಲ್ಲಿ ಲೋಕದ ದೇಶಗಳೆಲ್ಲ ಸೇರಿ, ಆರೋಗ್ಯದ ಕೆಲಸದಲ್ಲಿ ಜನರೂ ಪಾಲುಗೊಳ್ಳಬೇಕು ಎಂದು ಘೋಷಣೆ ಮಾಡಿದವು. ಅದನ್ನು ಓದಿದಾಗ ನಮಗೆ, ಮಳ್ಳೂರಿನವರು ಐದು ವರ್ಷ ಮುಂಚೆಯೇ ಮಾಡಿ ತೋರಿಸಿದ್ದರಲ್ಲ ಅನ್ನಿಸುತ್ತದೆ. ರೋಮ್ ಸ್ಕೀಮ್ ಹೆಚ್ಚಿನ ಕಡೆ ಬೇರು ಬಿಡಲಿಲ್ಲ. ಹಳ್ಳಿಗೆ ಹೋಗುವುದು ಒಂದು ವಿಭಾಗದವರ ಕೆಲಸ, ಮಿಕ್ಕ ಪ್ರೊಫೆಸರುಗಳಿಗೆ ಸಂಬಂಧವಿಲ್ಲ ಎಂಬ ಮನೋಭಾವ ಹೋಗಲಿಲ್ಲ. ಊರಿನವರನ್ನು ಕೇಳಿ ಶುರು ಮಾಡಿದ್ದೂ ಅಲ್ಲ.

ಮಳ್ಳೂರಿನ ಪಕ್ಕದಲ್ಲಿ ಇಟ್ಟು ನೋಡಬಹುದಾದ ಇನ್ನೊಂದು ಊರಿದ್ದರೆ ಅದು ಮಹಾರಾಷ್ಟ್ರದ ವಾರ್ಧಾ ಹತ್ತಿರದ ಸೇವಾಗ್ರಾಮ. ಗಾಂಧೀಜಿಯವರ ವೈದ್ಯರಾಗಿದ್ದ, ಆಮೇಲೆ ಕೇಂದ್ರದ ಆರೋಗ್ಯ ಮಂತ್ರಿಯೂ ಆಗಿದ್ದ ಡಾ. ಸುಶೀಲಾ ನಾಯರ್ ಅವರು 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, ಅಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿಸಿದರು. ಪ್ರತಿ ವರ್ಷ ಹೊಸದಾಗಿ ಸೇರಿದ ತಂಡ ಒಂದು ಹಳ್ಳಿಯನ್ನು ದತ್ತು ತೆಗೆದುಕೊಳ್ಳುತ್ತದೆ. ಹದಿನೈದು ದಿನ ಆ ಊರಿನಲ್ಲೇ ಶಿಬಿರ. ಒಬ್ಬೊಬ್ಬ ವಿದ್ಯಾರ್ಥಿಗೂ ಕೆಲವು ಮನೆಗಳು. ಶಿಬಿರ ಮುಗಿದ ಮೇಲೂ ಓದುವಷ್ಟು ವರ್ಷ ಅದೇ ಮನೆಗಳಿಗೆ ಮತ್ತೆ ಮತ್ತೆ ಹೋಗಬೇಕು. ಮೊದಲ ಸಲ ಹೋದಾಗ ಬಸುರಿಯಾಗಿದ್ದವಳ ಮಗು, ಹುಡುಗ ಕೋರ್ಸು ಮುಗಿಸುವ ಹೊತ್ತಿಗೆ ಅಂಗನವಾಡಿಗೆ ಹೋಗುತ್ತಿರುತ್ತದೆ. ಪುಸ್ತಕದ ಪಾಠವೂ ಆ ಮನೆಯ ಬದುಕೂ ಒಟ್ಟಿಗೆ ಮುಂದೆ ಸಾಗುತ್ತವೆ.

ಅದೇ ಸೇವಾಗ್ರಾಮದಲ್ಲಿ ಡಾ. ಉಲ್ಹಾಸ್ ಜಾಜೂ ಮತ್ತು ಅವರ ಜೊತೆಯವರು ಸುತ್ತಲ ಹಳ್ಳಿಗಳಲ್ಲಿ ಜೋಳದ ವಿಮೆ ಎಂಬುದನ್ನು ನಡೆಸಿದರು. ಸುಗ್ಗಿಯಲ್ಲಿ ಪ್ರತಿ ಮನೆಯವರು ಜೋಳ ಅಳೆದು ಹಾಕುವುದು, ಹೆಚ್ಚು ಜಮೀನು ಇದ್ದವರು ಹೆಚ್ಚು, ಇಲ್ಲದವರು ಕಡಿಮೆ. ಅದರ ಮೇಲೆ ಊರಿನಲ್ಲಿ ಆರೋಗ್ಯದ ಕೆಲಸ, ದೊಡ್ಡಾಸ್ಪತ್ರೆಯಲ್ಲಿ ಚಿಕಿತ್ಸೆ. ಊರಿನ ಬಹುಪಾಲು ಮನೆಗಳು ಸೇರಿದರೆ ಮಾತ್ರ ಆ ಊರಿಗೆ ಯೋಜನೆ. ಇಲ್ಲಿ ಕೂಲಿಯವನೂ ಒಳಗೆ ಬಂದ. ಮಳ್ಳೂರಿನ ಬಗ್ಗೆ ನಾವು ಎತ್ತಿದ ಪ್ರಶ್ನೆಗೆ ಸೇವಾಗ್ರಾಮದವರು ಒಂದು ಉತ್ತರ ಹುಡುಕಿದ್ದರು ಎನ್ನಬಹುದು. ನಮ್ಮಲ್ಲಿ ಹಾಲು, ಅಲ್ಲಿ ಜೋಳ. ದುಡ್ಡು ಕಾಣದ ಮನೆಯಲ್ಲೂ ಬೆಳೆ ಕಾಣುತ್ತದೆ.

ಕಾಲೇಜು ಕಳಿಸದೆ ತಾವಾಗಿ ಹೊರಟವರೂ ಇದ್ದಾರೆ. 1981ರಲ್ಲಿ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ತೆರೆದರು. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಇನ್ನೂ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿ, ಆಮೇಲೆ ಎಚ್.ಡಿ. ಕೋಟೆ ಕಾಡಂಚಿನಲ್ಲಿ ನೆಲೆ ನಿಂತರು. ಸೇಂಟ್ ಜಾನ್ಸ್‌ನಲ್ಲಿದ್ದ ಡಾ. ರವಿ ನಾರಾಯಣ್, ಡಾ. ಥೆಲ್ಮಾ ನಾರಾಯಣ್ ದಂಪತಿಗಳು 1984ರಲ್ಲಿ ಬೆಂಗಳೂರಿನಲ್ಲಿ ಕಮ್ಯುನಿಟಿ ಹೆಲ್ತ್ ಸೆಲ್ ಆರಂಭಿಸಿದರು. ವೈದ್ಯ ಶಿಕ್ಷಣ ಜನರಿಗೆ ಹತ್ತಿರವಾಗಬೇಕು ಎಂಬುದು ಅವರ ಕೆಲಸದಲ್ಲಿ ದೊಡ್ಡ ಭಾಗ.

ಡಾಕ್ಟರುಗಳ ಮಾತೇ ಆಯಿತು. ನಿಜ ಹೇಳಬೇಕೆಂದರೆ ಹಳ್ಳಿಯಲ್ಲಿ ಹೆಚ್ಚು ನಡೆದವರು ನರ್ಸಿಂಗ್ ಓದುವ ಹೆಣ್ಣುಮಕ್ಕಳು, ದಾದಿ ತರಬೇತಿಯವರು. ಬಾಣಂತಿಯ ಮನೆಗೆ ಹೋಗಿ ಮಗುವಿನ ಹೊಕ್ಕುಳು ನೋಡುವವರು, ಭೇದಿಯಾದ ಮಗುವಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ತೋರಿಸುವವರು ಅವರು. (ಚಮಚ ಅಂದರೆ ಟೀ ಚಮಚ. ಉಪ್ಪು ಜಾಸ್ತಿ ಹಾಕಬೇಡಿ.) 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದ ಮೇಲೆ ನಮ್ಮ ರಾಜ್ಯದಲ್ಲಿ ವೈದ್ಯ, ದಂತ, ನರ್ಸಿಂಗ್, ಆಯುರ್ವೇದ ಎಲ್ಲವೂ ಒಂದೇ ಸೂರಿನಡಿ ಬಂದವು. ಆದರೆ ಹಳ್ಳಿಗೆ ಬರುವಾಗ ಇವತ್ತೂ ಬೇರೆ ಬೇರೆಯಾಗೇ ಬರುತ್ತಾರೆ. ಸೋಮವಾರ ಹಲ್ಲಿನವರು, ಗುರುವಾರ ನರ್ಸಿಂಗಿನವರು, ಒಬ್ಬರು ಬರೆದುಕೊಂಡದ್ದು ಇನ್ನೊಬ್ಬರಿಗೆ ಗೊತ್ತಿಲ್ಲ.

ಸಹಕಾರಿಗಳಾದ ನಾವು ಯಶಸ್ವಿನಿಯನ್ನು ಮರೆಯುವಂತಿಲ್ಲ. 2003ರಲ್ಲಿ ಜಾರಿಗೆ ಬಂದ ಈ ಯೋಜನೆಗೆ ಆಗ ಸಹಕಾರ ಸಂಘದ ಸದಸ್ಯರು ಕಟ್ಟುತ್ತಿದ್ದದ್ದು ತಿಂಗಳಿಗೆ ಐದು ರೂಪಾಯಿ ಲೆಕ್ಕದಲ್ಲಿ ವರ್ಷಕ್ಕೆ ಅರವತ್ತು. 2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಯಿತು, 2022ರಲ್ಲಿ ಮತ್ತೆ ಬೇರೆಯಾಗಿ ಶುರುವಾಯಿತು. ಆಪರೇಷನ್ನಿಗೆ ಅದು ದೊಡ್ಡ ಆಸರೆ, ಎಷ್ಟೋ ಮನೆ ಉಳಿದಿದೆ. ಆದರೂ ಮಳ್ಳೂರಿಗೂ ಯಶಸ್ವಿನಿಗೂ ಒಂದು ವ್ಯತ್ಯಾಸ ಇದೆ. ಯಶಸ್ವಿನಿಯಲ್ಲಿ ನಾವು ಆಸ್ಪತ್ರೆಗೆ ಹೋಗುತ್ತೇವೆ. ಮಳ್ಳೂರಿನಲ್ಲಿ ಡಾಕ್ಟರೂ ಅವರ ವಿದ್ಯಾರ್ಥಿಯೂ ಊರಿಗೆ ಬಂದು, ಊರಿನವರಿಗೆ ಉತ್ತರ ಹೇಳಿಕೊಂಡು ಇದ್ದರು.

ಈಗ ಮತ್ತೆ ಒಂದು ಅವಕಾಶ ಬಂದಿದೆ. 2020ರಲ್ಲಿ ಹಳೆಯ ವೈದ್ಯಕೀಯ ಮಂಡಳಿಯ ಜಾಗದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. 2021-22ರಲ್ಲಿ ಸೇರಿದ ತಂಡದಿಂದ ಕುಟುಂಬ ದತ್ತು ಕಾರ್ಯಕ್ರಮ ಎಂಬುದನ್ನು ಎಂ.ಬಿ.ಬಿ.ಎಸ್. ಓದುವವರಿಗೆ ತಂದರು. ಒಬ್ಬ ವಿದ್ಯಾರ್ಥಿಗೆ ಮೂರರಿಂದ ಐದು ಕುಟುಂಬ. ಮೊದಲ ವರ್ಷದಿಂದ ಹಿಡಿದು ಆಮೇಲಿನ ವರ್ಷಗಳಲ್ಲೂ ಅದೇ ಮನೆಗಳಿಗೆ ಬರಬೇಕು. ಸೇವಾಗ್ರಾಮದ ಪದ್ಧತಿಯೇ ದೇಶಕ್ಕೆಲ್ಲ ಬಂದ ಹಾಗೆ. ನಮ್ಮ ಬೀದಿಗಳಲ್ಲಿ ಕಾಣುವ ಬಿಳಿ ಕೋಟಿನವರು ಇವರೇ. "ದತ್ತು" ಎಂಬ ಮಾತು ಕೇಳಿ ನಮ್ಮ ಹಿರಿಯರು ನಕ್ಕದ್ದುಂಟು. "ನಮ್ಮ ಮೊಮ್ಮಕ್ಕಳ ವಯಸ್ಸಿನವರು ನಮ್ಮನ್ನ ದತ್ತು ತಗೊಳ್ತಾರಾ? ನಾವೇ ಅವರನ್ನ ತಗೋಬೇಕು!" ಮಾತು ತಮಾಷೆಯದಾದರೂ ತೂಕವಿದೆ.

ಅನುಭವ ಎರಡೂ ಥರ ಇದೆ. ಒಂದು ಕಾಲೇಜಿನ ತಂಡ ಒಂದು ವರ್ಷ ನಮ್ಮೂರಿನ ಮನೆ ಮನೆ ಬರೆದುಕೊಂಡು ಹೋಯಿತು, ಬೆರಳು ಚುಚ್ಚಿ ರಕ್ತವನ್ನೂ ನೋಡಿತು. ಎಷ್ಟು ಹೆಂಗಸರಿಗೆ ರಕ್ತ ಕಡಿಮೆ ಇತ್ತು, ಎಷ್ಟು ಜನಕ್ಕೆ ಸಕ್ಕರೆ ಇತ್ತು, ಊರಿಗೆ ಯಾರೂ ಹೇಳಲಿಲ್ಲ. ಆ ಲೆಕ್ಕ ಯಾರ ಕಪಾಟಿನಲ್ಲಿದೆಯೋ. ಇನ್ನೊಂದು ತಂಡದ ಒಬ್ಬ ಹುಡುಗಿ ಮೂರನೆಯ ಸಲ ಬಂದಾಗ, ಮಾತ್ರೆ ನಿಲ್ಲಿಸಿದ್ದ ಬಿಪಿ ರೋಗಿಯೊಬ್ಬರನ್ನು ಗುರುತಿಸಿ, ಜೊತೆಯಲ್ಲಿ ಕರೆದುಕೊಂಡು ಆರೋಗ್ಯ ಕೇಂದ್ರಕ್ಕೆ ಹೋಗಿ ಮತ್ತೆ ಶುರು ಮಾಡಿಸಿದಳು. ಮೊದಲ ಭೇಟಿಯಲ್ಲಿ ಇದು ಆಗುತ್ತಿರಲಿಲ್ಲ. ಮೂರನೆಯ ಸಲ ಬಂದದ್ದರಿಂದ ಆಯಿತು.

ಅದಕ್ಕೇ ಸಂಘದ ವತಿಯಿಂದ ಕೆಲವು ಮಾತು ಸದಸ್ಯರ ಮುಂದೆ ಇಡುತ್ತಿದ್ದೇವೆ. ಯಾವ ಕಾಲೇಜಿನವರೇ ಬರಲಿ, ಮೊದಲು ಸಂಘದ ಆಫೀಸಿಗೆ ಬಂದು ಕಾರ್ಯದರ್ಶಿಯವರಿಗೂ ಪಂಚಾಯ್ತಿಗೂ ಕಾಗದ ಕೊಡಲಿ. ಯಾವ ವಿದ್ಯಾರ್ಥಿ ಯಾವ ಮನೆ ಎಂಬುದಕ್ಕೆ ಒಂದು ರಿಜಿಸ್ಟರು ನಮ್ಮಲ್ಲೇ ಇರಲಿ, ಬಂದ ದಿನ ಸಹಿ ಮಾಡಲಿ. ಮನೆಯವರು ಬೇಡವೆಂದರೆ ಬಲವಂತ ಬೇಡ. ಕಾಯಿಲೆಯ ವಿಷಯ ಆ ಮನೆಯ ಗುಟ್ಟು, ರಿಜಿಸ್ಟರಿನಲ್ಲಿ ಅದನ್ನು ಬರೆಯಬಾರದು. ವರ್ಷಕ್ಕೊಮ್ಮೆ ಯಾರ ಹೆಸರೂ ಎತ್ತದೆ ಒಟ್ಟು ಲೆಕ್ಕವನ್ನು, ಬಿಪಿ ಎಷ್ಟು, ರಕ್ತಹೀನತೆ ಎಷ್ಟು, ನೀರಿನಲ್ಲಿ ಫ್ಲೋರೈಡ್ ಎಷ್ಟು ಎಂಬುದನ್ನು, ಕನ್ನಡದಲ್ಲಿ ಸಭೆಗೆ ಓದಿ ಹೇಳಲಿ. ನಮ್ಮ ಕಡೆಯಿಂದ ಸಭಾಂಗಣ, ಮಧ್ಯಾಹ್ನದ ಊಟ, ಜೊತೆಗೆ ನಡೆಯಲು ಒಬ್ಬರು. ಬಟವಾಡೆಯ ದಿನ ಎಲ್ಲರೂ ಸೇರುವುದರಿಂದ ಬಿಪಿ ನೋಡಲು ಅದಕ್ಕಿಂತ ಒಳ್ಳೆಯ ದಿನ ಬೇರೆ ಇಲ್ಲ. ಹಸು ಇಲ್ಲದ ಮನೆಗಳ ಪಟ್ಟಿಯನ್ನು ಮೊದಲು ಕೊಡುವ ಹೊಣೆ ನಮ್ಮದು. ಇದಕ್ಕೆ ತಗಲುವ ಸಣ್ಣ ಖರ್ಚನ್ನು ಲಾಭದಲ್ಲಿ ಊರಿನ ಒಳಿತಿಗೆಂದು ತೆಗೆದಿಡುವ ಹಣದಿಂದ ಭರಿಸಬಹುದು. ಮಳ್ಳೂರಿನವರಂತೆ ಲೀಟರಿಗೆ ಇಷ್ಟು ಎಂದು ಇಡಬೇಕೋ ಬೇಡವೋ ಎಂಬುದನ್ನು ಸದಸ್ಯರೇ ತೀರ್ಮಾನಿಸಬೇಕು.

ಈ ವಿಷಯವನ್ನು ಬರುವ ಸರ್ವ ಸದಸ್ಯರ ಸಭೆಯ ಅಜೆಂಡಾಕ್ಕೆ ಸೇರಿಸುವಂತೆ ಅಧ್ಯಕ್ಷರಿಗೆ ಬರೆದುಕೊಟ್ಟಿದ್ದೇವೆ. ಹೆಣ್ಣುಮಕ್ಕಳು ತಪ್ಪದೆ ಬರಬೇಕು. ಹಾಲು ಹಾಕುವವರು ಬಹುಪಾಲು ನೀವೇ, ಬಿಳಿ ಕೋಟಿನವರು ಬಾಗಿಲು ತಟ್ಟಿದಾಗ ಮನೆಯಲ್ಲಿರುವವರೂ ನೀವೇ.